ಕೊರತೆ ಬಂದಾಗ ಮೊದಲ ಕತ್ತರಿ ಉದ್ಯಾನಕ್ಕೇ ಏಕೆ?

ಓದುಗರ ಪ್ರಶ್ನೆ: ಸಣ್ಣ ಪಟ್ಟಣವೊಂದರ ಬಜೆಟ್ಟಿನಲ್ಲಿ ಉದ್ಯಾನ, ಆಟದ ಮೈದಾನ, ಈಜುಕೊಳ ಮತ್ತು ಮಕ್ಕಳ ಶಿಬಿರಗಳಿಗೆ ಸಲ್ಲುವ ಪಾಲು ಮೊದಲೇ ಚಿಕ್ಕದು. ಹಾಗಿದ್ದೂ ಹಣದ ಕೊರತೆ ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಇವುಗಳ ಮೇಲೆಯೇ. ಇದಕ್ಕೆ ಕಾರಣವೇನು? ಹೀಗೆ ಕಡಿತ ಮಾಡುವುದರಿಂದ ಪಟ್ಟಣಕ್ಕೆ ನಿಜವಾಗಿ ಹಣ ಉಳಿಯುತ್ತದೆಯೇ?

ಉತ್ತರ: ಆಡಳಿತ ಮಂಡಳಿಯು ಯಾರ ಅನುಮತಿಯನ್ನೂ ಕೇಳದೆ ಕೈಹಾಕಬಹುದಾದ ಹಣ ಬಹುತೇಕ ಇದೊಂದೇ ಆಗಿರುವುದರಿಂದ ಕತ್ತರಿ ಮೊದಲು ಇಲ್ಲಿಗೆ ಬರುತ್ತದೆ. ಉಳಿತಾಯದ ಮಾತಿಗೆ ಬಂದರೆ, ಮೊದಲ ವರ್ಷದ ಲೆಕ್ಕದಲ್ಲಿ ಅದು ನಿಜ; ಆದರೆ ಹಾಗೆ ಉಳಿದಂತೆ ಕಾಣುವ ಹಣದಲ್ಲಿ ಹೆಚ್ಚಿನ ಭಾಗ ಮುಂದಿನ ವರ್ಷಗಳ ಖರ್ಚಾಗಿ, ಅನೇಕ ವೇಳೆ ದೊಡ್ಡದಾಗಿ ಬೆಳೆದು, ಮರಳಿ ಬರುತ್ತದೆ.

ಪಟ್ಟಣವೊಂದರ ಬಜೆಟ್ಟು ದೂರದಿಂದ ದೊಡ್ಡ ಮೊತ್ತವಾಗಿ ಕಂಡರೂ ಅದರ ಬಹುಪಾಲು ಹಣದ ಹಾದಿ ವರ್ಷ ಆರಂಭವಾಗುವ ಮೊದಲೇ ನಿಶ್ಚಯವಾಗಿರುತ್ತದೆ. ನೌಕರರ ವೇತನ ಮತ್ತು ಪಿಂಚಣಿ, ಹಿಂದೆ ಎತ್ತಿದ ಸಾಲದ ಕಂತು ಮತ್ತು ಬಡ್ಡಿ, ಕರಾರಿನ ಮೇಲೆ ಕೊಟ್ಟ ಕಸ ವಿಲೇವಾರಿ, ಕುಡಿಯುವ ನೀರು, ಒಳಚರಂಡಿ, ಅಗ್ನಿಶಾಮಕ ಸೇವೆ ಇವೆಲ್ಲ ಕಾನೂನಿನ ಇಲ್ಲವೇ ಒಪ್ಪಂದದ ಕಟ್ಟಿಗೆ ಒಳಪಟ್ಟವು. ಉದ್ಯಾನವನ್ನು ಹಸಿರಾಗಿಡಬೇಕು, ಬೇಸಿಗೆ ಶಿಬಿರ ನಡೆಸಬೇಕು ಎಂದು ಕಡ್ಡಾಯಪಡಿಸುವ ಕಾನೂನು ಹೆಚ್ಚಿನ ಕಡೆ ಇಲ್ಲ. ಇಂಗ್ಲೆಂಡಿನಲ್ಲಿ ಉದ್ಯಾನಗಳ ನಿರ್ವಹಣೆ ಸ್ಥಳೀಯ ಆಡಳಿತಗಳ ಶಾಸನಬದ್ಧ ಕರ್ತವ್ಯವಲ್ಲ. 2010ರ ನಂತರ ಕೇಂದ್ರ ಸರ್ಕಾರದ ಅನುದಾನ ಇಳಿಯುತ್ತ ಹೋದಂತೆ ಅಲ್ಲಿ ಏನಾಯಿತು ಎಂಬುದಕ್ಕೆ ಲಾಟರಿ ಹಣದಿಂದ ಪಾರಂಪರಿಕ ತಾಣಗಳಿಗೆ ನೆರವು ನೀಡುವ ಹೆರಿಟೇಜ್ ಲಾಟರಿ ಫಂಡ್ ಎಂಬ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವರದಿ ಸಾಕ್ಷಿಯಾಗಿದೆ. ಹಿಂದಿನ 3 ವರ್ಷಗಳಲ್ಲಿ ತಮ್ಮ ಬಜೆಟ್ಟು ಕಡಿತಗೊಂಡಿದೆ ಎಂದು ಬ್ರಿಟನ್ನಿನ ಉದ್ಯಾನ ವ್ಯವಸ್ಥಾಪಕರಲ್ಲಿ ಶೇ 92 ಮಂದಿ ಅದರಲ್ಲಿ ತಿಳಿಸಿದ್ದರು.

ಇನ್ನೊಂದು ಕಾರಣವೂ ಇದೆ. ನೀರಿನ ಪೂರೈಕೆ ಒಂದು ದಿನ ನಿಂತರೆ ಪಟ್ಟಣವೆಲ್ಲ ಬೀದಿಗೆ ಬರುತ್ತದೆ. ಉದ್ಯಾನದ ಹುಲ್ಲು ಒಂದು ತಿಂಗಳು ಬೆಳೆದುಕೊಂಡರೆ ಯಾರೂ ದೂರು ಬರೆಯುವುದಿಲ್ಲ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎಂಬ ಗಾದೆಯನ್ನು ಇಂಥ ಚರ್ಚೆಗಳಲ್ಲಿ ಉದ್ಯಾನದ ವಿರುದ್ಧ ಸುಲಭವಾಗಿ ಎಸೆಯಲು ಸಾಧ್ಯವಾಗುವುದೂ ಇದರಿಂದಲೇ. ಆ ಗಾದೆ ಇಲ್ಲಿಗೆ ಒಪ್ಪುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯಲ್ಲಿ ಅಂಗಳವಿಲ್ಲದ ಮಗುವಿಗೆ, ಒಂಟಿಯಾಗಿರುವ ವೃದ್ಧರಿಗೆ, ಶುಲ್ಕ ಕೊಟ್ಟು ಜಿಮ್ಮಿಗೆ ಹೋಗಲಾಗದವರಿಗೆ ಸಾರ್ವಜನಿಕ ಮೈದಾನವು ಮುಡಿಯುವ ಹೂವಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ 60 ನಿಮಿಷಗಳನ್ನು ಕಳೆಯಲು ಒಂದು ಜಾಗವಂತೂ ಬೇಕು.

ಆದಾಯ ಒಮ್ಮೆಗೇ ಕುಸಿದಾಗ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯ ರಾಜ್ಯದ ಅನುಭವ ಎಲ್ಲಕ್ಕಿಂತ ಸ್ಪಷ್ಟವಾಗಿದೆ. 1978ರ ಜೂನ್ 6ರಂದು ಅಲ್ಲಿನ ಮತದಾರರು ‘ಪ್ರೊಪೊಸಿಷನ್ 13’ ಎಂಬ ರಾಜ್ಯ ಸಂವಿಧಾನದ ತಿದ್ದುಪಡಿಗೆ ಒಪ್ಪಿಗೆ ನೀಡಿದರು. ಅದು ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಮಿತಿಗೊಳಿಸಿತು. ಆಸ್ತಿ ಕೈಬದಲಾಗುವವರೆಗೆ ತೆರಿಗೆಗಾಗಿ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಬಾರದೆಂದು ನಿಯಮ ಮಾಡಿತು. ಸ್ಥಳೀಯವಾಗಿ ವಿಶೇಷ ತೆರಿಗೆ ಹಾಕಬೇಕಾದರೆ ಮೂರನೇ ಎರಡರಷ್ಟು ಮತ ಬೇಕೆಂದಿತು. ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆ ಆದಾಯ ಅರ್ಧಕ್ಕೂ ಹೆಚ್ಚು ಕುಸಿದಾಗ ಮೊದಲು ಸೊರಗಿದವುಗಳಲ್ಲಿ ಉದ್ಯಾನ, ಮನರಂಜನಾ ಕಾರ್ಯಕ್ರಮ ಮತ್ತು ಗ್ರಂಥಾಲಯಗಳು ಸೇರಿದ್ದವು. ಅದುವರೆಗೆ ಉಚಿತವಾಗಿದ್ದ ಅನೇಕ ತರಗತಿಗಳಿಗೂ ಶಿಬಿರಗಳಿಗೂ ಶುಲ್ಕ ಬಂದದ್ದು ಆ ಕಾಲದಲ್ಲಿಯೇ.

ಈ ಶುಲ್ಕದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕಡಿತದ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿ. ಒಂದು ಈಜು ತರಗತಿಗೆ ವರ್ಷಕ್ಕೆ 100 ಪಾಲು ಖರ್ಚಾಗುತ್ತದೆ, ಅದರಲ್ಲಿ 70 ಪಾಲು ಕಲಿಯುವವರ ಶುಲ್ಕದಿಂದಲೇ ಬರುತ್ತದೆ ಎಂದುಕೊಳ್ಳೋಣ. ಆ ತರಗತಿಯನ್ನು ನಿಲ್ಲಿಸಿದರೆ ‘100 ಪಾಲು ಉಳಿಯಿತು’ ಎಂದು ಖರ್ಚಿನ ಪಟ್ಟಿ ಹೇಳುತ್ತದೆ, ಆದರೆ ಪಟ್ಟಣಕ್ಕೆ ಉಳಿದದ್ದು 30 ಮಾತ್ರ. ಕೊಳದ ನೀರನ್ನು ಶುದ್ಧವಾಗಿಡುವ ಪಂಪು ತರಗತಿ ಇರಲಿ ಇಲ್ಲದಿರಲಿ ಓಡಲೇಬೇಕಾದ್ದರಿಂದ, ಅದರ ಖರ್ಚಿನಲ್ಲಿ ತರಗತಿಯ ಹೆಸರಿಗೆ ಹಾಕಿದ್ದ ಭಾಗ ಬೇರೆ ಹೆಸರಿನಲ್ಲಿ ಮುಂದುವರಿಯುತ್ತದೆ. ಆಗ ಆ 30 ಕೂಡ ಪೂರ್ತಿ ಉಳಿಯುವುದಿಲ್ಲ. ನಿಲ್ಲಿಸುವ ಬದಲು ಶುಲ್ಕ ಏರಿಸಿದರೆ ಬೇರೊಂದು ಸುಳಿ ಆರಂಭವಾಗುತ್ತದೆ. ಏರಿದ ಶುಲ್ಕ ಕೊಡಲಾರದ ಮನೆಗಳ ಮಕ್ಕಳು ಮೊದಲು ಬಿಡುತ್ತಾರೆ, ಸಂಖ್ಯೆ ಇಳಿಯುತ್ತದೆ, ತಲೆವಾರು ಖರ್ಚು ಏರುತ್ತದೆ, ಮರುವರ್ಷ ‘ಜನರೇ ಬರುತ್ತಿಲ್ಲ’ ಎಂಬ ಕಾರಣ ಕೊಟ್ಟು ಕಾರ್ಯಕ್ರಮವನ್ನು ಮುಚ್ಚಲಾಗುತ್ತದೆ. ಜನ ಬಾರದಂತೆ ಮಾಡಿದ್ದು ಹಿಂದಿನ ವರ್ಷದ ನಿರ್ಧಾರವೇ ಎಂಬುದು ಆ ವೇಳೆಗೆ ಕಡತದಲ್ಲಿ ಹುದುಗಿಹೋಗಿರುತ್ತದೆ.

ನಿರ್ವಹಣೆಯನ್ನು ಮುಂದೂಡುವುದು ಇದಕ್ಕಿಂತ ನಿಶ್ಶಬ್ದವಾದ ಕಡಿತ. ಉಯ್ಯಾಲೆಯ ಕೆಳಗಿನ ನೆಲವನ್ನೇ ಹತ್ತಿರದಿಂದ ನೋಡಿ. ಮಕ್ಕಳು ಕಾಲೂರಿ ತಳ್ಳಿಕೊಳ್ಳುವ ಜಾಗದಲ್ಲಿ, ಬಿದ್ದರೆ ಪೆಟ್ಟಾಗದಿರಲೆಂದು ಹಾಸಿದ ಮರದ ಚಕ್ಕೆಯೆಲ್ಲ ಬದಿಗೆ ಸರಿದು, ನಡುವೆ ಬಾಣಲೆಯಂಥ ತಗ್ಗು ಬಿದ್ದು, ಗಟ್ಟಿ ಮಣ್ಣು ಕಾಣತೊಡಗಿರುತ್ತದೆ. ಇಂಥ ಸಡಿಲ ಹಾಸು ಕನಿಷ್ಠ 9 ಇಂಚು ದಪ್ಪವಿರಬೇಕೆಂದೂ, ಕಾಲಕ್ರಮೇಣ ಅದು ಕಾಲುಭಾಗದಷ್ಟಾದರೂ ಕುಸಿಯುವುದರಿಂದ ಆರಂಭದಲ್ಲಿ 12 ಇಂಚು ತುಂಬಬೇಕೆಂದೂ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿ ಸೂಚಿಸುತ್ತದೆ. ಬರಿಯ ಹುಲ್ಲು ಅಥವಾ ಮಣ್ಣನ್ನು ಅದು ರಕ್ಷಣೆಯ ನೆಲವೆಂದು ಒಪ್ಪುವುದೇ ಇಲ್ಲ. ಆ ಚಕ್ಕೆಯನ್ನು ಕುಂಟೆಯಿಂದ ಎಳೆದು ತಗ್ಗಿಗೆ ತುಂಬುವ ಕೆಲಸ ಒಬ್ಬರಿಗೆ ಕೆಲವೇ ನಿಮಿಷಗಳದ್ದು. ಆ ಒಬ್ಬರ ಹುದ್ದೆ ರದ್ದಾದಾಗ ಬಜೆಟ್ಟಿನಲ್ಲಿ ಒಂದು ಸಾಲು ಕಡಿಮೆಯಾಗುತ್ತದೆ. ಆಟದ ಮೈದಾನದ ಗಾಯಗಳಿಗೆ ಅತ್ಯಂತ ಸಾಮಾನ್ಯ ಕಾರಣ ಬೀಳುವುದೇ ಆಗಿರುವುದರಿಂದ ಆ ಸಾಲಿನ ಬೆಲೆಯನ್ನು ಬಳಿಕ ಒಂದು ಮಗುವಿನ ಮೊಣಕೈ ತೆರಬೇಕಾಗುತ್ತದೆ.

ಈಜುಕೊಳದ ಕಥೆ ಇನ್ನೂ ದುಬಾರಿ. ಕ್ಲೋರಿನ್, ವಿದ್ಯುತ್ತು, ಜೀವರಕ್ಷಕರ ಸಂಬಳ ಮೂರೂ ಉಳಿಯುತ್ತವೆ ಎಂದುಕೊಂಡು ಕೊಳವನ್ನು ಬರಿದು ಮಾಡಿ ಬೀಗ ಹಾಕುವುದು ಮೇಲ್ನೋಟಕ್ಕೆ ಸರಳ ಕ್ರಮ. ಆದರೆ ತುಂಬಿದ ಕೊಳದಲ್ಲಿ ನೀರಿನ ಭಾರವೇ ಕಾಂಕ್ರೀಟಿನ ತೊಟ್ಟಿಯನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತದೆ. ಅದನ್ನು ಖಾಲಿ ಮಾಡಿದ ಮೇಲೆ ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದರೆ, ಒತ್ತಡ ಇಳಿಸುವ ಕವಾಟ ಕೆಟ್ಟಿದ್ದ ಪಕ್ಷದಲ್ಲಿ, ಇಡೀ ತೊಟ್ಟಿಯೇ ದೋಣಿಯಂತೆ ಮೇಲಕ್ಕೆದ್ದು ಬಿರಿಯಬಹುದು. ಹಾಗಾಗದಿದ್ದರೂ ಬಿಸಿಲಿಗೆ ಒಳಗಿನ ಗಾರೆ ಸಿಡಿಯುತ್ತದೆ, ರಬ್ಬರಿನ ಗ್ಯಾಸ್ಕೆಟ್ಟುಗಳು ಒಣಗುತ್ತವೆ, ಓಡದ ಪಂಪು ಹಿಡಿದುಕೊಳ್ಳುತ್ತದೆ. ‘ಒಂದು ವರ್ಷದ ಮಟ್ಟಿಗೆ’ ಎಂದು ಮುಚ್ಚಿದ ಕೊಳ ಮತ್ತೆ ತೆರೆಯದಿರುವುದಕ್ಕೆ ಮನಸ್ಸಿಲ್ಲದಿರುವುದಕ್ಕಿಂತ ಈ ದುರಸ್ತಿಯ ಮೊತ್ತವೇ ದೊಡ್ಡ ಕಾರಣವಾಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದು ಎಂದರೆ ಇದೇ. ಈಜು ಕಲಿಯದೆ ಉಳಿದ ಮಕ್ಕಳ ಲೆಕ್ಕವಂತೂ ಯಾವ ಬಜೆಟ್ಟಿನಲ್ಲಿಯೂ ಇರುವುದಿಲ್ಲ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಮರಗಳ ಮಾತೂ ಹೀಗೆಯೇ. ನೆಟ್ಟ ಸಸಿಗೆ ಮೊದಲ ಎರಡು ಮೂರು ಬೇಸಿಗೆ ನೀರು ತಪ್ಪಿದರೆ ಸಸಿಯ ಜೊತೆಗೆ ನೆಡುವ ಖರ್ಚೂ ಒಣಗುತ್ತದೆ.

ಮನರಂಜನಾ ಕಾರ್ಯಕ್ರಮಗಳು ಕೊಡುವ ಪ್ರತಿಫಲ ಕಣ್ಣಿಗೆ ಕಾಣುವುದಿಲ್ಲ ಎಂಬ ವಾದ ಪೂರ್ತಿ ನಿಜವಲ್ಲ. ಐಸ್‌ಲೆಂಡಿನಲ್ಲಿ 15–16 ವರ್ಷದ ಮಕ್ಕಳಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದವರ ಪ್ರಮಾಣ 1998ರಲ್ಲಿ ಶೇ 42 ಇದ್ದದ್ದು 2016ರ ವೇಳೆಗೆ ಶೇ 5ಕ್ಕೆ ಇಳಿಯಿತು. ಮಕ್ಕಳು ತಡರಾತ್ರಿ ಹೊರಗಿರುವುದಕ್ಕೆ ನಿರ್ಬಂಧ, ಪಾಲಕರ ಸಂಘಟನೆ, ವರ್ಷ ವರ್ಷವೂ ಸಮೀಕ್ಷೆ ಹೀಗೆ ಹಲವು ಕ್ರಮಗಳು ಅಲ್ಲಿ ಕೂಡಿ ನಡೆದವು. ಅವುಗಳ ನಡುಮಧ್ಯೆ ಇದ್ದದ್ದು ಕ್ರೀಡೆ, ಸಂಗೀತ, ನೃತ್ಯ ಮುಂತಾದ ಸಂಘಟಿತ ಚಟುವಟಿಕೆಗಳಿಗೆ ಸರ್ಕಾರ ಹೆಚ್ಚಿಸಿದ ಹಣ ಮತ್ತು ರಾಜಧಾನಿ ರೇಕ್ಯಾವಿಕ್‌ನಲ್ಲಿ ಪ್ರತಿ ಮಗುವಿನ ಹೆಸರಿನಲ್ಲಿ ಕುಟುಂಬಕ್ಕೆ ಕೊಟ್ಟ ವಾರ್ಷಿಕ ನೆರವು. ಶುಲ್ಕ ಕೊಡಲಾರದವರು ಹೊರಗುಳಿಯದಂತೆ ನೋಡಿಕೊಳ್ಳುವುದೇ ಆ ನೆರವಿನ ಉದ್ದೇಶವಾಗಿತ್ತು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಪಾಳು ನಿವೇಶನಗಳನ್ನು ಆಯ್ದು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಹಾಗೂ ಕೆಲವು ಮರ ನೆಟ್ಟು, ತಗ್ಗು ಬೇಲಿ ಹಾಕಿ, ನಿಯಮಿತವಾಗಿ ಹುಲ್ಲು ಕತ್ತರಿಸುತ್ತಿದ್ದ ನಿವೇಶನಗಳ ಸುತ್ತಮುತ್ತ, ಬಡತನ ರೇಖೆಗಿಂತ ಕೆಳಗಿನ ಬಡಾವಣೆಗಳಲ್ಲಿ, ಬಂದೂಕಿನ ಹಿಂಸೆ ಶೇ 29ರಷ್ಟು ಇಳಿದಿತ್ತು. ದೊಡ್ಡ ನಗರದ ಫಲಿತಾಂಶವನ್ನು ಸಣ್ಣ ಪಟ್ಟಣಕ್ಕೆ ಹಾಗೆಯೇ ಎತ್ತಿ ಹಚ್ಚಲಾಗದು, ಒಪ್ಪುತ್ತೇನೆ. ಆದರೆ ಅಲ್ಲಿ ಮಾಡಿದ ಕೆಲಸದಲ್ಲಿ ಸಣ್ಣ ಪಟ್ಟಣದ ಕೈಗೆ ಎಟುಕದ್ದು ಏನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

‘ಹಳೆಯ ಉದ್ಯಾನದ ಶೌಚಾಲಯ ರಿಪೇರಿಗೆ ಹಣವಿಲ್ಲ ಎನ್ನುವವರು ಹೊಸ ಉದ್ಯಾನವನ್ನು ಹೇಗೆ ಉದ್ಘಾಟಿಸುತ್ತಾರೆ’ ಎಂಬ ಸಿಟ್ಟು ಬಜೆಟ್ಟಿನ ಸಭೆಗಳಲ್ಲಿ ಕೇಳಿಬರುವುದು ಸಹಜ. ಹಾಗೆ ಉದ್ಘಾಟಿಸುವುದರಲ್ಲಿ ಮೋಸವೇ ಇರಬೇಕೆಂದಿಲ್ಲ. ಕಟ್ಟುವುದಕ್ಕೆ ಸಿಗುವ ಹಣ ಬಂಡವಾಳ ಲೆಕ್ಕದ್ದು, ನಡೆಸುವುದಕ್ಕೆ ಬೇಕಾದದ್ದು ವಾರ್ಷಿಕ ವೆಚ್ಚದ ಲೆಕ್ಕದ್ದು. ಒಂದರಿಂದ ಇನ್ನೊಂದಕ್ಕೆ ಹಣ ಸುರಿಯಲು ಅನೇಕ ಕಡೆ ನಿಯಮವೇ ಬಿಡುವುದಿಲ್ಲ. ಅಮೆರಿಕದ ‘ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಷನ್ ಫಂಡ್’ ಇದಕ್ಕೆ ಒಳ್ಳೆಯ ಉದಾಹರಣೆ. 1964ರ ಕಾನೂನಿನಿಂದ ಹುಟ್ಟಿದ ಈ ನಿಧಿ ಸ್ಥಳೀಯ ಆಡಳಿತಗಳಿಗೆ ಜಾಗ ಕೊಳ್ಳಲು, ಸೌಕರ್ಯ ಕಟ್ಟಲು ಸಾಮಾನ್ಯವಾಗಿ ಅರ್ಧದಷ್ಟು ಹಣ ಕೊಡುತ್ತದೆ. ಹಾಗೆ ನೆರವು ಪಡೆದ ಜಾಗವು ಮುಂದೆಯೂ ಹೊರಾಂಗಣ ವಿಹಾರಕ್ಕೇ ಮೀಸಲಾಗಿರಬೇಕೆಂದು ಕರಾರು ಹಾಕುತ್ತದೆ. ಆದರೆ ದಿನನಿತ್ಯದ ನಿರ್ವಹಣೆಗೆ ಹಣ ಕೊಡುವುದಿಲ್ಲ. ಅನುದಾನ ಬಂತೆಂದು ಹಿಗ್ಗುವ ಪಟ್ಟಣ ಅದರೊಂದಿಗೆ ಪ್ರತಿ ವರ್ಷದ ಒಂದು ಖರ್ಚನ್ನೂ ಮನೆಗೆ ತಂದಿರುತ್ತದೆ.

ಸ್ವಯಂಸೇವಕರು, ದಾನಿಗಳು ಈ ಕೊರತೆ ತುಂಬಬಹುದೇ ಎಂದು ಕೇಳುವವರು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಕಡೆಗೆ ಬೆರಳು ತೋರಿಸುತ್ತಾರೆ. 1970ರ ದಶಕದ ಹಣಕಾಸು ಬಿಕ್ಕಟ್ಟಿನಲ್ಲಿ ಪಾಳುಬಿದ್ದ ಆ ಉದ್ಯಾನವನ್ನು 1980ರಲ್ಲಿ ಹುಟ್ಟಿದ ಒಂದು ಖಾಸಗಿ ಲಾಭರಹಿತ ಸಂಸ್ಥೆ ಮೇಲೆತ್ತಿತು. ಅದರ ವಾರ್ಷಿಕ ಖರ್ಚಿನ ಬಹುಪಾಲನ್ನು ಇಂದಿಗೂ ಆ ಸಂಸ್ಥೆಯೇ ದೇಣಿಗೆಯಿಂದ ಕೂಡಿಸುತ್ತದೆ. ಆದರೆ ಆ ಉದ್ಯಾನದ ಸುತ್ತ ಇರುವಷ್ಟು ಸಿರಿವಂತರು ಸಣ್ಣ ಪಟ್ಟಣದ ಮೈದಾನದ ಸುತ್ತ ಇರುವುದಿಲ್ಲ. ಸ್ವಯಂಸೇವಕರು ಗಿಡ ನೆಡಬಲ್ಲರು, ಮಕ್ಕಳಿಗೆ ಆಟ ಕಲಿಸಬಲ್ಲರು, ಅದು ಸಣ್ಣ ಸಂಗತಿಯಲ್ಲ. ಆದರೆ ಜೀವರಕ್ಷಕರ ಕೆಲಸಕ್ಕೆ, ಉಯ್ಯಾಲೆಯ ಸರಪಳಿ ಸವೆದಿದೆಯೇ ಎಂದು ಪರೀಕ್ಷಿಸಿ ಸಹಿ ಹಾಕುವುದಕ್ಕೆ ತರಬೇತಿಯೂ ಹೊಣೆಗಾರಿಕೆಯೂ ಇರುವ ನೌಕರರೇ ಬೇಕು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಕಡಿತವೇ ಕೂಡದು ಎಂದು ಹೇಳಲಾರೆ. ಆದಾಯವೇ ಇಲ್ಲದ ವರ್ಷದಲ್ಲಿ ಏನನ್ನಾದರೂ ಬಿಡಲೇಬೇಕಾಗುತ್ತದೆ. ಎಲ್ಲದರಲ್ಲಿಯೂ ಸಮನಾಗಿ ಶೇ 10 ಕತ್ತರಿಸುವುದು ನ್ಯಾಯವೆಂದು ತೋರಿದರೂ ಅದೇ ಅತ್ಯಂತ ಹಾನಿಕರ ದಾರಿ ಎಂದು ನನಗೆ ಅನಿಸುತ್ತದೆ, ಏಕೆಂದರೆ ಆಗ ಎಲ್ಲ ಸೌಕರ್ಯಗಳೂ ಒಟ್ಟಿಗೆ ಸ್ವಲ್ಪ ಸ್ವಲ್ಪವೇ ಕೆಡುತ್ತವೆ, ಯಾವುದು ಕೆಟ್ಟಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಜೀವರಕ್ಷಕರು, ಆಟದ ಸಾಧನಗಳ ತಪಾಸಣೆ, ಎಳೆಯ ಮರಗಳ ನೀರು, ಬಡ ಮಕ್ಕಳ ಶುಲ್ಕ ವಿನಾಯಿತಿ ಇವನ್ನು ಮುಟ್ಟಬಾರದು. ಋತುವಿಗೊಮ್ಮೆ ಬದಲಿಸುವ ಹೂವಿನ ಪಾತಿ, ಹೊಸ ನಾಮಫಲಕ, ಹೊಸ ಕಟ್ಟಡ ಕಾಯಬಹುದು. ಯಾರೂ ಆಡದ ಅಂಚಿನ ಹುಲ್ಲುಪಟ್ಟಿಗಳನ್ನು ವಾರ ವಾರ ಕತ್ತರಿಸುವ ಬದಲು ವರ್ಷಕ್ಕೆ ಒಂದೆರಡು ಸಲ ಕತ್ತರಿಸಿ ಕಾಡುಹೂಗಳಿಗೆ ಬಿಟ್ಟರೆ ಹಣವೂ ಉಳಿಯುತ್ತದೆ, ಜೇನುಹುಳುಗಳಿಗೂ ಮೇವಾಗುತ್ತದೆ. ಕೊಳವನ್ನು ಮುಚ್ಚಲೇಬೇಕಾದರೆ ನೀರನ್ನು ಖಾಲಿ ಮಾಡದೆ ಹಾಗೆಯೇ ಉಳಿಸಿ, ಪಂಪನ್ನು ಆಗಾಗ ಓಡಿಸಿ, ಭದ್ರವಾದ ಹೊದಿಕೆ ಹಾಕಿ ಮುಚ್ಚಬೇಕು.

ಇನ್ನು ಓದುಗರು ಮಾಡಬಹುದಾದದ್ದು. ಬಜೆಟ್ಟು ಮಂಜೂರಾಗುವ ಸಭೆಗೆ ಹೋಗಿ ಪ್ರತಿಭಟಿಸುವುದರಿಂದ ಸಿಗುವುದು ಕಡಿಮೆ, ಅಂಕಿಗಳು ಆ ವೇಳೆಗೆ ಗಟ್ಟಿಯಾಗಿರುತ್ತವೆ. ಅದಕ್ಕೆ ಮೊದಲೇ, ಕರಡು ಸಿದ್ಧವಾಗುತ್ತಿರುವ ತಿಂಗಳುಗಳಲ್ಲಿ, ಲಿಖಿತವಾಗಿ ಕೇಳಿ. ನಿಲ್ಲಿಸಲು ಹೊರಟಿರುವ ಕಾರ್ಯಕ್ರಮದ ಒಟ್ಟು ಖರ್ಚೆಷ್ಟು ಎಂದು ಕೇಳಿದರೆ ಸಾಲದು. ಶುಲ್ಕದ ಆದಾಯ ಕಳೆದ ಮೇಲೆ ನಿವ್ವಳವಾಗಿ ಉಳಿಯುವುದೆಷ್ಟು ಎಂದು ಕೇಳಿ. ಆಟದ ಸಾಧನಗಳ ಕೊನೆಯ ತಪಾಸಣೆ ಯಾವ ದಿನ ನಡೆಯಿತು, ಅದರಲ್ಲಿ ಕಂಡ ದೋಷಗಳಲ್ಲಿ ಎಷ್ಟು ದುರಸ್ತಿಯಾಗಿವೆ ಎಂದು ಕೇಳಿ. ‘ತಾತ್ಕಾಲಿಕವಾಗಿ ಮುಚ್ಚಲಾಗುವುದು’ ಎಂಬ ಪ್ರತಿ ಸಾಲಿನ ಮುಂದೆ, ಮತ್ತೆ ತೆರೆಯಲು ಎಷ್ಟು ಹಣ ಬೇಕಾಗುತ್ತದೆ ಮತ್ತು ಅದನ್ನು ಯಾವ ವರ್ಷದ ಬಜೆಟ್ಟಿನಲ್ಲಿ ಇಡಲಾಗುತ್ತದೆ ಎಂಬುದನ್ನು ಬರೆದುಕೊಡುವಂತೆ ಕೇಳಿ.