ಹಳೆ ಜೆನ್‌ಗೆ ಎಸ್ಟೀಮ್ ಎಂಜಿನ್ ಕೂರಿಸಬಹುದಾ?

ಪ್ರಶ್ನೆ: ನಮ್ಮ ಅಪ್ಪ 1997ರಲ್ಲಿ ಕೊಂಡ ಮಾರುತಿ ಜೆನ್ ಇನ್ನೂ ಮನೆಯಲ್ಲಿದೆ. ಪೆಟ್ರೋಲ್-ಗಾಳಿ ಬೆರೆಸೋಕೆ ಹಳೆ ಕಾಲದ ಕಾರ್ಬುರೇಟರ್ ಇರೋ ಗಾಡಿ. ಮಾರೋಕೆ ಮನಸ್ಸಿಲ್ಲ. ಮಾರುತಿಯದೇ ಎಸ್ಟೀಮ್ ಕಾರಿನ 1.3 ಲೀಟರ್ ಎಂಜಿನ್ ಹಾಕಿಸಿ, ಅಲಾಯ್ ವೀಲ್ ಹಾಕಿ, ಗಾಡಿಯ ಎತ್ತರ ಸ್ವಲ್ಪ ತಗ್ಗಿಸಿ ಓಡಿಸಬೇಕು ಅನ್ನೋ ಆಸೆ. ಮಾಡಬಹುದಾ?

ಉತ್ತರ: ಎಂಜಿನ್ ಕೂರುತ್ತದೆ. ಆದರೆ ಆ ಗಾಡಿಯನ್ನು ರಸ್ತೆಯಲ್ಲಿ ಓಡಿಸಲು ಕಾನೂನು ಬಿಡುವುದಿಲ್ಲ. ಹಳೆ ಜೆನ್, ಹಳೆ 800 ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು, ಈ ಎಂಜಿನ್ ಮೇಲೆಯೇ ಎಲ್ಲರಿಗೂ ಯಾಕೆ ಕಣ್ಣು? ಜೆನ್ 1993ರಲ್ಲಿ ಬಂತು. ಅದರ 993 ಸಿಸಿ ಎಂಜಿನ್ ಪೂರ್ತಿ ಅಲ್ಯೂಮಿನಿಯಂ, ಕಾರ್ಬುರೇಟರ್ ಮಾದರಿಯಲ್ಲಿ ಸುಮಾರು 50 ಬಿಎಚ್‌ಪಿ (ಬಿಎಚ್‌ಪಿ ಅಂದರೆ ಎಂಜಿನ್ ಶಕ್ತಿಯ ಅಳತೆ). ಮರುವರ್ಷ ಬಂದ ಎಸ್ಟೀಮ್‌ನ 1298 ಸಿಸಿ ಎಂಜಿನ್ ಕೂಡ ಸುಜುಕಿಯ ಇದೇ ಕುಟುಂಬದ್ದು. ಒಂದು ಜಿ10, ಇನ್ನೊಂದು ಜಿ13. ಎಸ್ಟೀಮ್‌ನ ನಂತರದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವ) ಮಾದರಿ 85 ಬಿಎಚ್‌ಪಿ ಕೊಡುತ್ತಿತ್ತು. ಜೆನ್ ತೂಗುವುದು 750 ಕೆಜಿ ಆಸುಪಾಸು, ಅಷ್ಟೇ. ಇಷ್ಟು ಹಗುರದ ಗಾಡಿಗೆ 85 ಬಿಎಚ್‌ಪಿ ಸಿಕ್ಕರೆ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಅದಕ್ಕೇ ಈ ಜೋಡಿ ನಮ್ಮ ದೇಶದ ಗಾಡಿ ಹುಚ್ಚರ ನಡುವೆ ಇಷ್ಟು ಹೆಸರು ಮಾಡಿದ್ದು.

ಎಂಜಿನ್ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗೇರ್‌ಬಾಕ್ಸ್, ಕ್ಲಚ್, ಆಕ್ಸಲ್, ರೇಡಿಯೇಟರ್ ಎಲ್ಲವನ್ನೂ ಹೊಂದಿಸಬೇಕು. ಎಂಪಿಎಫ್‌ಐ ಆದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್, ಪೆಟ್ರೋಲ್ ಪಂಪ್ ಕೂಡ ಬದಲಾಗಬೇಕು. ಇದೆಲ್ಲ ಒಳ್ಳೆಯ ಮೆಕ್ಯಾನಿಕ್ ಕೈಯಲ್ಲಿ ಆಗುವ ಕೆಲಸವೇ. ಹೆಚ್ಚಿನವರು ಮರೆಯುವುದು ಬ್ರೇಕನ್ನು. 80ರ ವೇಗದಿಂದ ನಿಲ್ಲಿಸುವುದಕ್ಕಿಂತ 110ರಿಂದ ನಿಲ್ಲಿಸುವಾಗ ಬ್ರೇಕ್‌ಗೆ ಹತ್ತಿರ ಹತ್ತಿರ ಎರಡರಷ್ಟು ಕೆಲಸ ಬೀಳುತ್ತದೆ. ವೇಗ ಹೆಚ್ಚಿದ್ದು ಮೂರನೇ ಒಂದರಷ್ಟು ಅನ್ನಿಸಿದರೂ ಲೆಕ್ಕ ಹಾಗೆ ನಡೆಯುವುದಿಲ್ಲ.

ಸಣ್ಣ ಕಾರನ್ನು ಚುರುಕು ಮಾಡುವ ಈ ಹುಚ್ಚಿಗೆ ದಾರಿ ಹಾಕಿದ್ದು ಬ್ರಿಟನ್ನಿನ ಮಿನಿ. ಅವರು ಏನು ಮಾಡಿದರು ಅಂತ ನೋಡಿದರೆ ತುಂಬ ಕಲಿಯಬಹುದು. 1959ರಲ್ಲಿ ಅಲೆಕ್ ಇಸಿಗೊನಿಸ್ ರೂಪಿಸಿದ ಆ ಗಾಡಿಗೆ ಇದ್ದದ್ದು 848 ಸಿಸಿ, 34 ಬಿಎಚ್‌ಪಿ. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್‌ಗೆ ಅದರಲ್ಲಿ ಬೇರೇನೋ ಕಂಡಿತು. 1961ರಲ್ಲಿ ಬಂದ ಮಿನಿ ಕೂಪರ್‌ನಲ್ಲಿ 997 ಸಿಸಿ, 55 ಬಿಎಚ್‌ಪಿ ಇತ್ತು. ಅದರ ಜೊತೆಗೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೂಡ ಬಂತು. ಶಕ್ತಿ ಮತ್ತು ಬ್ರೇಕ್ ಎರಡೂ ಒಟ್ಟಿಗೆ ಹೆಚ್ಚಿದವು. ಇದರ ಮುಂದಿನ ರೂಪವಾದ ಕೂಪರ್ ಎಸ್ 1964ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನೇ ಗೆದ್ದಿತು. ತನಗಿಂತ ಎಷ್ಟೋ ದೊಡ್ಡ ಎಂಜಿನ್ನಿನ ಗಾಡಿಗಳನ್ನು ಅದು ಹಿಂದೆ ಹಾಕಿತು. ಕಾರಣ ಶಕ್ತಿಯೊಂದೇ ಅಲ್ಲ. ಗಾಡಿ ಹಗುರ, ನಾಲ್ಕೂ ಚಕ್ರ ಮೂಲೆ ಮೂಲೆಯಲ್ಲಿ, ತಿರುವಿನಲ್ಲಿ ಹಿಡಿತ ಬಿಡುತ್ತಿರಲಿಲ್ಲ. ನಿಮ್ಮ ಜೆನ್‌ನ ನಿಜವಾದ ಆಸ್ತಿಯೂ ಆ ಹಗುರ ಮೈಯೇ. ದೊಡ್ಡ ಸ್ಪೀಕರ್ ಪೆಟ್ಟಿಗೆ, ಭಾರದ ವೀಲ್, ಫೈಬರ್ ಬಾಡಿ ಕಿಟ್ ತುಂಬಿದರೆ ಅದನ್ನೇ ಕಳೆದುಕೊಂಡ ಹಾಗೆ.

ಈಗ ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಇದಕ್ಕೆ ಮುಖ್ಯ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸಬಾರದು ಅನ್ನುತ್ತದೆ ಅದು. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ದಂಡವನ್ನೂ ಬಿಗಿ ಮಾಡಿತು. ಒಂದೊಂದು ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. 993 ಸಿಸಿ ಜಾಗಕ್ಕೆ 1298 ಸಿಸಿ ಬಂದರೆ ಆರ್‌ಸಿ ಸುಳ್ಳಾಗುತ್ತದೆ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕ್ಲೇಮ್ ತಳ್ಳಿಹಾಕಲು ಇದೊಂದು ಕಾರಣ ಸಾಕು.

ನಿಮ್ಮ ಗಾಡಿ 1997ರದ್ದು. 15 ವರ್ಷದ ನಂತರ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕಲ್ಲ, ಆ ಲೆಕ್ಕದಲ್ಲಿ 2012, 2017, 2022, ಆಮೇಲೆ 2027. ಅಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್ ನೋಡುತ್ತಾರೆ. ನಿಮ್ಮ ಎಂಜಿನ್ ಪೂರ್ತಿ ಸೋತಿದ್ದರೆ ಅದೇ ಕಂಪನಿಯ ಅದೇ ಬಗೆಯ ಎಂಜಿನ್ನನ್ನು ಆರ್‌ಟಿಒ ಒಪ್ಪಿಗೆ ಪಡೆದು ಹಾಕಿಸಿ, ಆರ್‌ಸಿಯಲ್ಲಿ ಬರೆಸಬಹುದು. ಬಣ್ಣ ಬದಲಾಯಿಸಿದರೂ ಆರ್‌ಸಿಯಲ್ಲಿ ಬರೆಸಲೇಬೇಕು.

ಹಾಗಾದರೆ ಏನು ಮಾಡಬಹುದು? ಬೇಕಾದಷ್ಟಿದೆ, ನಿರಾಶೆ ಬೇಡ.

ಮೊದಲ ದುಡ್ಡು ತುಕ್ಕಿಗೆ ಹೋಗಲಿ. ಗಾಡಿಯನ್ನು ಲಿಫ್ಟ್ ಮೇಲೆ ಹತ್ತಿಸಿ ಫ್ಲೋರ್, ಸಸ್ಪೆನ್ಷನ್ ಕೂರುವ ಜಾಗಗಳನ್ನು ನೋಡಿಸಿ. ಮಂಗಳೂರು, ಉಡುಪಿ ಕಡೆ ಓಡಿದ ಗಾಡಿಯಾದರೆ ಉಪ್ಪುಗಾಳಿಯಿಂದ ಒಳಗೊಳಗೇ ತಿಂದಿರುತ್ತದೆ. ಆಮೇಲೆ ಟೈಮಿಂಗ್ ಬೆಲ್ಟ್, ಸಸ್ಪೆನ್ಷನ್ ಬುಷ್‌ಗಳು, ಎಂಜಿನ್ ಮೌಂಟ್, ಬ್ರೇಕ್ ಹೋಸ್. ಪೆಟ್ರೋಲ್ ಪೈಪುಗಳನ್ನಂತೂ ಬಿಡಬೇಡಿ. ಈಗ ಬಂಕ್‌ನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. 1997ರ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ತಡೆಯುವ ಹೊಸ ಪೈಪ್ ಹಾಕಿಸಿ, ಕಾರ್ಬುರೇಟರ್ ಬಿಚ್ಚಿಸಿ ಒಳಗಿನ ವಾಷರ್‌ಗಳನ್ನೂ ಬದಲಾಯಿಸಿ. ಇಷ್ಟು ಆದ ಮೇಲೆ ಆ 50 ಬಿಎಚ್‌ಪಿ ಎಂಜಿನ್ ಹೇಗೆ ಏಳುತ್ತದೆ ನೋಡಿ. ಎಷ್ಟೋ ಜನ ಬೇರೆ ಎಂಜಿನ್ ಬೇಕು ಅಂದುಕೊಳ್ಳುವುದು ತಮ್ಮ ಎಂಜಿನ್ ಸರಿಯಾಗಿ ಓಡಿದ್ದನ್ನು ನೋಡದೇ ಇರುವುದರಿಂದ.

ಇನ್ನು ವೀಲ್. ಕಂಪನಿ ಟೈರ್ 145/70 ಆರ್13 (ಅಗಲ 145 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇ 70, ರಿಮ್ 13 ಇಂಚು), ಅಂದರೆ ಇಡೀ ಚಕ್ರದ ಎತ್ತರ ಸುಮಾರು 533 ಮಿಲಿಮೀಟರ್. 155/65 ಆರ್13 ಹಾಕಿದರೆ 532, ಬಹುತೇಕ ಅಷ್ಟೇ. 165/65 ಆರ್13 ಆದರೆ 545, ಶೇ 2ರಷ್ಟು ವ್ಯತ್ಯಾಸ. ಆದರೆ ಚಂದಕ್ಕೆಂದು 195/50 ಆರ್15 ಹಾಕಿದರೆ 576ಕ್ಕೆ ಹೋಗುತ್ತದೆ. ಆಗ ಮೀಟರ್ 80 ತೋರಿಸುವಾಗ ನೀವು 86ರಲ್ಲಿರುತ್ತೀರಿ. ಸ್ಟೀರಿಂಗ್ ಭಾರ, ಪಿಕಪ್ ಕಡಿಮೆ, ಬೇರಿಂಗ್‌ಗೂ ಕಷ್ಟ. ನನ್ನನ್ನು ಕೇಳಿದರೆ 13 ಇಂಚಿನಲ್ಲೇ ಹಗುರವಾದ ಅಲಾಯ್ ಹುಡುಕಿ, ಒಳ್ಳೆಯ ಟೈರ್ ಹಾಕಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸುತ್ತಿದರೆ ಆಯ್ಕೆಗೆ ಕೊರತೆಯಿಲ್ಲ.

ತಗ್ಗಿಸಲು ಕಾಯಿಲ್ ಸ್ಪ್ರಿಂಗ್ ಕತ್ತರಿಸುವುದು ಮಾತ್ರ ಬೇಡವೇ ಬೇಡ. ಕತ್ತರಿಸಿದ ಸ್ಪ್ರಿಂಗ್ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಗುಂಡಿಗೆ ಇಳಿದಾಗ ಜಾರಬಹುದು, ಶಾಕ್ ಅಬ್ಸಾರ್ಬರ್ ಕೊನೆಮುಟ್ಟಿ ಹೊಡೆಯುತ್ತದೆ. ನಮ್ಮ ಹಂಪ್‌ಗಳ ಮೇಲೆ ತಳ ಉಜ್ಜುವುದಂತೂ ಖಂಡಿತ. ಹೊಸ ಶಾಕ್ ಅಬ್ಸಾರ್ಬರ್ ಮತ್ತು ಹೊಸ ಬುಷ್ ಹಾಕಿದರೆ ಎತ್ತರ ಹಾಗೇ ಇದ್ದರೂ ಗಾಡಿ ತಿರುವಿನಲ್ಲಿ ಹಿಡಿದುಕೊಂಡು ಹೋಗುತ್ತದೆ. ಹೆಡ್‌ಲೈಟ್‌ಗೆ ಜಾಸ್ತಿ ವಾಟ್‌ನ ಬಲ್ಬ್ ಹಾಕುವ ಬದಲು ರಿಲೇ (ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ಸ್ವಿಚ್) ಇರುವ ಹೊಸ ವೈರಿಂಗ್ ಹಾಕಿಸಿ. ಹಳೆ ವೈರ್‌ನಲ್ಲಿ ಕಳೆದುಹೋಗುತ್ತಿದ್ದ ಕರೆಂಟ್ ಬಲ್ಬ್‌ಗೆ ಸೇರಿ ಬೆಳಕು ತಾನೇ ಹೆಚ್ಚುತ್ತದೆ. ದೀಪದ ನಿಯಮ ಸಣ್ಣದು ಅಂದುಕೊಳ್ಳಬೇಡಿ. 1966ರ ಮಾಂಟೆ ಕಾರ್ಲೊದಲ್ಲಿ ಮೊದಲ ಮೂರು ಸ್ಥಾನದಲ್ಲಿದ್ದ ಮಿನಿಗಳನ್ನು ಹೊರಗೆ ಹಾಕಿದ್ದು ಹೆಡ್‌ಲೈಟ್ ಕಾರಣಕ್ಕೇ.

ಸದ್ದು ಮಾಡುವ ಸೈಲೆನ್ಸರ್‌ನಿಂದ ಈ ಎಂಜಿನ್ನಿಗೆ ಸಿಗುವ ಲಾಭ ತೀರ ಕಡಿಮೆ. ಬಿಡಿ.

ತೆಗೆದ ಯಾವ ಭಾಗವನ್ನೂ ಗುಜರಿಗೆ ಹಾಕಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಮಾರುತಿ 800ಗಳಿಗೆ ಆ ವಯಸ್ಸು 2033ಕ್ಕೆ ಬರುತ್ತದೆ, ನಿಮ್ಮ ಜೆನ್‌ಗೆ 2047ಕ್ಕೆ.

ಇಷ್ಟಾದ ಮೇಲೂ 1.3ರ ಆಸೆ ಬಿಡದಿದ್ದರೆ ಅಪ್ಪನ ಗಾಡಿಯನ್ನು ಮುಟ್ಟಬೇಡಿ. ಟ್ರ್ಯಾಕ್‌ಗೆ ಅಂತಲೇ ಕಡಿಮೆ ಬೆಲೆಗೆ ಇನ್ನೊಂದು ಜೆನ್ ತೆಗೆದುಕೊಳ್ಳಿ. ಅದಕ್ಕೆ ರೋಲ್ ಕೇಜ್ (ಗಾಡಿ ಮಗುಚಿದರೂ ಒಳಗಿರುವವರನ್ನು ಕಾಯುವ ಉಕ್ಕಿನ ಪಂಜರ), ರೇಸಿಂಗ್ ಬೆಲ್ಟ್, ದೊಡ್ಡ ಬ್ರೇಕ್ ಹಾಕಿ, ಆಮೇಲೆ ಎಸ್ಟೀಮ್ ಎಂಜಿನ್ ಕೂರಿಸಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕ್ ಎರಡೂ ಬೆಂಗಳೂರಿನಿಂದ ಒಂದು ದಿನದೊಳಗಿನ ದಾರಿ. ಗಾಡಿಯನ್ನು ಟ್ರಕ್ ಮೇಲೆ ಹೇರಿಕೊಂಡು ಹೋಗಿ. ದುಡ್ಡು ಸುರಿಯುವ ಮೊದಲು ನೀವು ಇಳಿಯಬೇಕೆಂದಿರುವ ಸ್ಪರ್ಧೆಯ ನಿಯಮಪುಸ್ತಕ ತರಿಸಿಕೊಂಡು ಓದಿ. ಯಾವ ಕ್ಲಾಸ್‌ನಲ್ಲಿ ಎಷ್ಟು ಬದಲಾವಣೆ ಮಾಡಬಹುದು ಅನ್ನುವುದು ಅದರಲ್ಲೇ ಇರುತ್ತದೆ.