ಆಯುಷ್ಮಾನ್ ಕಾರ್ಡ್ ಇದೆಯಲ್ಲ, ಎಲ್ಲರಿಗೂ ಉಚಿತ ಚಿಕಿತ್ಸೆ ಯಾಕೆ?

ಪ್ರಶ್ನೆ: ಬಡವರಿಗೆ ಆಯುಷ್ಮಾನ್ ಕಾರ್ಡ್ ಇದೆ. 5 ಲಕ್ಷದವರೆಗೆ ಸರ್ಕಾರವೇ ಕೊಡುತ್ತದೆ. ಮತ್ತೆ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಬೇಕು ಅಂತ ಯಾಕೆ ಕೇಳುತ್ತೀರಿ? ಉಳ್ಳವರಿಗೂ ಕೊಡಬೇಕಾ?
– ಸಿಂಧನೂರಿನ ಓದುಗರು

ಉತ್ತರ: ಹೌದು, ಉಳ್ಳವರಿಗೂ ಕೊಡಬೇಕು. ಕಾರ್ಡಿನಿಂದ ದೊಡ್ಡ ಆಪರೇಷನ್ ಮಾಡಿಸಿಕೊಂಡು ಬದುಕಿದವರು ನಮ್ಮ ಭಾಗದಲ್ಲೂ ಇದ್ದಾರೆ. ಆದರೆ ಕಾರ್ಡ್ ಮುಖ್ಯವಾಗಿ ಅಡ್ಮಿಟ್ ಆದವರ ಖರ್ಚು ನೋಡಿಕೊಳ್ಳುತ್ತದೆ. ನಮ್ಮ ಮನೆಗಳನ್ನು ಸೋರಿಸುವುದು ಬೇರೆಯೇ ಖರ್ಚು. ಶುಗರ್, ಬಿಪಿ ಮಾತ್ರೆ ತಿಂಗಳು ತಿಂಗಳು ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲ ಅಂದರೆ ಮೆಡಿಕಲ್ ಶಾಪೇ ಗತಿ. ದೇವದುರ್ಗದ ಹಳ್ಳಿಯಿಂದ ರಾಯಚೂರಿಗೆ ಬಂದರೆ ಬಸ್ ಚಾರ್ಜ್ ಜೊತೆಗೆ ಆ ದಿನದ ಕೂಲಿಯೂ ಹೋಯಿತು. 2021-22ರ ಸರ್ಕಾರಿ ಲೆಕ್ಕದಂತೆ, ದೇಶದಲ್ಲಿ ಆರೋಗ್ಯಕ್ಕೆ ಖರ್ಚಾಗುವ 100 ರೂಪಾಯಿಯಲ್ಲಿ ಸುಮಾರು 39 ರೂಪಾಯಿ ಜನರು ನೇರವಾಗಿ ತಮ್ಮ ಜೇಬಿನಿಂದ ಕೊಟ್ಟದ್ದು.

ಇನ್ನು ಬಡವರು ಯಾರು ಅನ್ನುವ ಪ್ರಶ್ನೆ. ನಮ್ಮ ಕರ್ನಾಟಕದಲ್ಲಿ ಎಪಿಎಲ್ (ಬಡತನ ರೇಖೆಗಿಂತ ಮೇಲಿನ) ಕುಟುಂಬಕ್ಕೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರದ, 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ರೈತರನ್ನು ನೀವು ನೋಡಿರುತ್ತೀರಿ. ನೀರು ಬಂದ ವರ್ಷ ಭತ್ತ, ಕೈಯಲ್ಲಿ ಒಂದಿಷ್ಟು ದುಡ್ಡು. ಬಾರದ ವರ್ಷ ಸಾಲ, ಇಲ್ಲವೇ ಗುಳೆ. ಆ ವರ್ಷವೇ ಮನೆಯಲ್ಲಿ ಒಬ್ಬರಿಗೆ ಕಿಡ್ನಿ ಕೆಟ್ಟರೆ? ರೇಷನ್ ಕಾರ್ಡಿನ ಬಣ್ಣ ಮಳೆ ನೋಡಿ ಬದಲಾಗುವುದಿಲ್ಲ. ಎಲ್ಲರಿಗೂ ಅಂತ ಮಾಡಿದರೆ ಈ ವಿಂಗಡಣೆಯೇ ಬೇಕಾಗಿಲ್ಲ.

ಉಳ್ಳವರು ಯಾಕೆ ಅದೇ ಆಸ್ಪತ್ರೆಗೆ ಬರಬೇಕು ಅನ್ನುವುದಕ್ಕೆ ಬಳ್ಳಾರಿಯನ್ನು ನೆನೆಯಬೇಕು. 2024ರ ನವೆಂಬರ್‌ನಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡ್ರಿಪ್ ಮೂಲಕ ಕೊಟ್ಟ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆ ಹೆಣ್ಣುಮಕ್ಕಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅಧಿಕಾರಿಗಳ, ಗುತ್ತಿಗೆದಾರರ ಮನೆ ಮಗಳೂ ಅದೇ ವಾರ್ಡಿನಲ್ಲಿ ಹೆರುವಂತಿದ್ದರೆ, ಔಷಧಿ ಖರೀದಿಯ ಮೇಲೆ ಮೊದಲೇ ಜಾಸ್ತಿ ಕಣ್ಣಿರುತ್ತಿತ್ತು ಅಂತ ನಾನು ನಂಬುತ್ತೇನೆ.

ದುಡ್ಡು ಎಲ್ಲಿಂದ ಅಂತೀರಾ? ಉಚಿತ ಅಂದರೂ ಅದು ನಮ್ಮದೇ ತೆರಿಗೆ. ಸೋಪು ಕೊಳ್ಳುವ ಕೂಲಿಯವರೂ ಜಿಎಸ್‌ಟಿ ಕಟ್ಟುತ್ತಾರೆ, ಅಲ್ವಾ? ಥಾಯ್ಲೆಂಡ್ 2002ರಲ್ಲಿ, ಅಂಥ ಶ್ರೀಮಂತ ದೇಶವಲ್ಲದಿದ್ದಾಗಲೇ, ಒಮ್ಮೆ ತೋರಿಸಿಕೊಳ್ಳಲು 30 ಬಾಟ್ (ಬಾಟ್ ಅಲ್ಲಿನ ನಾಣ್ಯ) ಅಂತ ಇಟ್ಟು, ಬೇರೆ ರಕ್ಷಣೆ ಇಲ್ಲದ ತನ್ನ ಜನರಿಗೆಲ್ಲ ಚಿಕಿತ್ಸೆ ಕೊಡಲು ಶುರು ಮಾಡಿತು. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ ದೇಶದ ಆರೋಗ್ಯ ಸೇವೆ ಬಗ್ಗೆ ವರದಿ ಕೊಟ್ಟ ನಮ್ಮ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ಖರ್ಚನ್ನು ಜಿಡಿಪಿಯ 2.5%ಗೆ ಏರಿಸುತ್ತೇವೆ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಮಾತು ಕೊಟ್ಟಿತು. 2021-22ರಲ್ಲಿ ಅದು 1.84% ಇತ್ತು.

ಬಳ್ಳಾರಿ ಜಿಲ್ಲೆಯ ಸಂಡೂರಿನ ಅದಿರು ತೆಗೆಯುವ ಗಣಿ ಮಾಲೀಕರು ಜಿಲ್ಲಾ ಖನಿಜ ನಿಧಿಗೂ, ಅಂದರೆ ಗಣಿಯಿಂದ ಬಾಧೆಪಟ್ಟ ಊರು-ಜನರಿಗಾಗಿ ಇರುವ ನಿಧಿಗೂ, ಹಣ ಕಟ್ಟುತ್ತಾರೆ. ಆರೋಗ್ಯ ಆ ನಿಧಿಯ ಆದ್ಯತೆಗಳಲ್ಲಿ ಒಂದು. ಬಳ್ಳಾರಿಯಲ್ಲಿ ಆ ಹಣ ಹೊಸ ಕಟ್ಟಡಕ್ಕಿಂತ ಮೊದಲು ತಾಲ್ಲೂಕು ಆಸ್ಪತ್ರೆಗಳ ಡಾಕ್ಟರು, ನರ್ಸು, ಲ್ಯಾಬು, ಮಾತ್ರೆಗಳಿಗೆ ಸಿಗಬೇಕು.