ಅಷ್ಟು ದೊಡ್ಡ ಗಾಡಿಗೆ ಇಷ್ಟು ಸಣ್ಣ ಎಂಜಿನ್ ಸಾಕಾ?

ಪ್ರಶ್ನೆ: ಹತ್ತು ವರ್ಷದಿಂದ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್ನಿನ ದೊಡ್ಡ ಐಷಾರಾಮಿ ಎಸ್‌ಯುವಿ ಓಡಿಸ್ತಾ ಇದ್ದೀನಿ. ಬದಲಾಯಿಸೋಣ ಅಂತ ನೋಡಿದರೆ ಹೊಸ ಮಾದರಿಗಳಲ್ಲಿ ಎಲ್ಲಿ ಹೋದರೂ ಆರು ಸಿಲಿಂಡರ್, ಜೊತೆಗೊಂದು ಟರ್ಬೊ. ಗಾಡಿ ಮಾತ್ರ ಮೊದಲಿನಷ್ಟೇ ದೊಡ್ಡದು. ಎರಡೂವರೆ ಟನ್ ಎಳೆಯೋಕೆ ಈ ಸಣ್ಣ ಎಂಜಿನ್‌ಗೆ ದಮ್ಮಿದೆಯಾ? ಬಾಳಿಕೆ ಬರುತ್ತಾ?

ಉತ್ತರ: ದಮ್ಮು ಅಂದಿರಿ ನೋಡಿ, ಅದೇ ಸರಿಯಾದ ಪದ. ಎಂಜಿನ್‌ಗೆ ದಮ್ಮು ಅಂದರೆ ನಿಜಕ್ಕೂ ಉಸಿರೇ. ಪೆಟ್ರೋಲನ್ನು ಎಷ್ಟು ಬೇಕಾದರೂ ಚಿಮ್ಮಿಸಬಹುದು, ಒಂದು ಪಂಪ್ ಇದ್ದರೆ ಆಯಿತು. ಕಷ್ಟ ಇರುವುದು ಗಾಳಿಯಲ್ಲಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಗಾಳಿಯನ್ನು ಎಳೆದುಕೊಳ್ಳುವ ಎದೆ ಎಷ್ಟು ಅಗಲ ಅನ್ನುವುದನ್ನೇ ನಾವು 'ಇಷ್ಟು ಲೀಟರ್ ಎಂಜಿನ್' ಅಂತ ಕರೆಯುತ್ತೇವೆ.

ಎದೆ ಅಗಲ ಮಾಡದೆ ಗಾಳಿ ಜಾಸ್ತಿ ತುಂಬಬೇಕಾದರೆ ಒತ್ತಿ ತುರುಕಬೇಕು. ಟರ್ಬೊ ಮಾಡುವುದು ಇಷ್ಟೇ. ಸೈಲೆನ್ಸರ್ ಕಡೆ ಸುಮ್ನೆ ಹೊರಟುಹೋಗುತ್ತಿದ್ದ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಹಿಡಿದು ಎಂಜಿನ್ ಒಳಗೆ ತಳ್ಳುತ್ತದೆ. ಅಂಗೈಯಲ್ಲಿ ಹಿಡಿಸುವ ಈ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ. ಹೊರಗಿನ ಗಾಳಿಗೆ ಇರುವಷ್ಟೇ ಒತ್ತಡವನ್ನು ಮೇಲಿಂದ ಸೇರಿಸಿದರೆ ಸಿಲಿಂಡರಿಗೆ ಹೋಗುವ ಗಾಳಿ ಹೆಚ್ಚುಕಡಿಮೆ ಎರಡು ಪಟ್ಟು. ಆ ಗಳಿಗೆಯಲ್ಲಿ 3.5 ಲೀಟರ್ ಎಂಜಿನ್ ಉಸಿರಾಡುವುದು ಏಳು ಲೀಟರ್ ಎಂಜಿನ್ನಿನ ಹಾಗೆ.

ಹಾಗಾಗಿ ದಮ್ಮಿದೆಯಾ ಅನ್ನುವ ಪ್ರಶ್ನೆಗೆ ಉತ್ತರ ಸುಲಭ. ಇದೆ, ಮೊದಲಿಗಿಂತ ಜಾಸ್ತಿಯೇ ಇದೆ. ಲೆಕ್ಸಸ್ ಎಲ್‌ಎಕ್ಸ್ ನೋಡಿ. ಹಳೆಯ 5.7 ಲೀಟರ್ ವಿ8ರಲ್ಲಿ 383 ಎಚ್‌ಪಿ ಇತ್ತು. 2022ರ ಮಾದರಿಯಲ್ಲಿ ಅದನ್ನು ತೆಗೆದು 3.4 ಲೀಟರಿನ, ಎರಡು ಟರ್ಬೊ ಇರುವ ವಿ6 ಕೂರಿಸಿದರು. ಎಚ್‌ಪಿ 409 ಆಯಿತು. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಟಾರ್ಕ್, ಅಂದರೆ ತಿರುಗಿಸುವ ಬಲ. ಹಳೆಯದು 546 ಎನ್‌ಎಂ ಕೊಡುತ್ತಿತ್ತು, ಅದೂ ಎಂಜಿನ್ 3,600 ಆರ್‌ಪಿಎಂಗೆ (ನಿಮಿಷಕ್ಕೆ ಇಷ್ಟು ಸುತ್ತು) ಹೋದ ಮೇಲೆ. ಹೊಸದು 650 ಎನ್‌ಎಂ ಅನ್ನು 2,000 ಆರ್‌ಪಿಎಂನಲ್ಲೇ ಕೊಟ್ಟು 3,600ರ ತನಕ ಹಾಗೇ ಹಿಡಿದುಕೊಂಡಿರುತ್ತದೆ. ಇನ್ಫಿನಿಟಿ ಕ್ಯೂಎಕ್ಸ್80ಯ 5.6 ಲೀಟರ್ ವಿ8ರಲ್ಲಿ 400 ಎಚ್‌ಪಿ ಇತ್ತು. 2025ರ ಮಾದರಿಯ 3.5 ಲೀಟರ್ ವಿ6ರಲ್ಲಿ 450 ಇದೆ.

ಕಾಗದದ ಮೇಲೆ ಇದು ಸರಿ. ಕಾಲ ಕೆಳಗೆ ಹೇಗಿರುತ್ತದೆ? ಸ್ನೇಹಿತರೊಬ್ಬರು ಇಂಥದ್ದೇ ಬದಲಾವಣೆ ಮಾಡಿಕೊಂಡಾಗ ನಾನೂ ಓಡಿಸಿ ನೋಡಿದೆ. ಗಾಡಿ ತುಂಬ ಜನ, ಹಿಂದೆ ಸಾಮಾನು, ಎದುರಿಗೆ ಏರು. ಹಳೆಯ ವಿ8 ಆಗಿದ್ದರೆ ಎರಡು ಗೇರ್ ಕೆಳಗಿಳಿದು, ಜೋರಾಗಿ ಕೂಗಿ, ಆಮೇಲೆ ಹತ್ತುತ್ತಿತ್ತು. ಇದು ಗೇರ್ ಇಳಿಸಲೇ ಇಲ್ಲ. ಆಕ್ಸಿಲರೇಟರ್ ಒತ್ತಿದೆ, ಅರ್ಧ ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ, ಆಮೇಲೆ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಎದ್ದಿತು. ಆ ಅರ್ಧ ಉಸಿರು ಇದೆಯಲ್ಲ, ಅದೇ ಟರ್ಬೊ ಎಂಜಿನ್ನಿನ ಸಹಿ. ನಿಂತಲ್ಲಿಂದ ಹೊರಡುವಾಗ ಹೊಗೆ ಕಡಿಮೆ, ಚಕ್ರ ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಒಂದು ದೊಡ್ಡ ಟರ್ಬೊ ಬದಲು ಎರಡು ಚಿಕ್ಕವನ್ನು ಹಾಕುವುದು ಈ ಹೊತ್ತನ್ನು ಕಡಿಮೆ ಮಾಡಲಿಕ್ಕೇ. ಹೈಬ್ರಿಡ್ ಮಾದರಿಗಳಲ್ಲಿ ಆ ಖಾಲಿ ಜಾಗವನ್ನು ವಿದ್ಯುತ್ ಮೋಟಾರ್ ತುಂಬುತ್ತದೆ. ಟೊಯೋಟ ಸೆಕೋಯಾದಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಮಧ್ಯೆ ಒಂದು ಮೋಟಾರ್ ಕೂರಿಸಿದ್ದಾರೆ, ಒಟ್ಟು 437 ಎಚ್‌ಪಿ.

ಇಷ್ಟಕ್ಕೂ ಕಂಪನಿಗಳು ಇದನ್ನು ನಮ್ಮ ಪಿಕಪ್ ಚೆನ್ನಾಗಿರಲಿ ಅಂತ ಮಾಡಿದ್ದಲ್ಲ. ಯುರೋಪಿನಲ್ಲಿ ಕಂಪನಿ ಮಾರಿದ ಎಲ್ಲ ಗಾಡಿಗಳ ಸರಾಸರಿ ಇಂಗಾಲದ ಹೊಗೆ ಮಿತಿ ದಾಟಿದರೆ, ದಾಟಿದ ಪ್ರತಿ ಗ್ರಾಂಗೆ, ಪ್ರತಿ ಗಾಡಿಗೆ 95 ಯೂರೋ ದಂಡ. ಚೀನಾದಲ್ಲಿ 2008ರಿಂದ 4 ಲೀಟರ್ ದಾಟಿದ ಎಂಜಿನ್‌ಗೆ 40 ಪರ್ಸೆಂಟ್ ಬಳಕೆ ತೆರಿಗೆ, 3ರಿಂದ 4 ಲೀಟರ್ ನಡುವೆ 25. ಹೊಸ ಎಂಜಿನ್ನುಗಳು 3.0, 3.4, 3.5 ಅಂತ ಸರಿಯಾಗಿ ಆ 4 ಲೀಟರ್ ಗೆರೆಯ ಕೆಳಗೇ ಯಾಕೆ ಕೂತಿವೆ ಅಂತ ಈಗ ಗೊತ್ತಾಯಿತು ಅಲ್ವಾ? ಅಮೆರಿಕದಲ್ಲೂ 1975ರ ಕಾನೂನಿನಿಂದ ಹುಟ್ಟಿದ ಸರಾಸರಿ ಮೈಲೇಜಿನ ನಿಯಮ ದಶಕಗಳಿಂದ ಬೆನ್ನು ಹತ್ತಿತ್ತು. 2025ರಲ್ಲಿ ಅಲ್ಲಿ ಅದರ ದಂಡವನ್ನು ಸೊನ್ನೆಗೆ ಇಳಿಸಿದ್ದಾರೆ. ಆದರೆ ಎಂಜಿನ್ ಕಾರ್ಖಾನೆ ಒಂದು ದಿನದಲ್ಲಿ ತಿರುಗಿಸುವ ವಸ್ತುವಲ್ಲ.

ಈಗ ಮೈಲೇಜ್. ನನ್ನ ತಕರಾರು ಇರುವುದೇ ಇಲ್ಲಿ.

ಇಂಥ ಗಾಡಿ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡಲು ಬೇಕಾಗುವುದು ಅಂದಾಜು 30ರಿಂದ 35 ಎಚ್‌ಪಿ ಅಷ್ಟೇ. ಉಳಿದ ಮುನ್ನೂರೈವತ್ತು ಕುದುರೆಗಳು ಲಾಯದಲ್ಲಿ ಸುಮ್ನೆ ನಿಂತು ಮೇಯುತ್ತಿರುತ್ತವೆ. ದೊಡ್ಡ ಎಂಜಿನ್ನಿನ ಸಮಸ್ಯೆ ಇದೇ. ಕೆಲಸ ಕಡಿಮೆ ಇದ್ದಾಗ ಗಾಳಿಯ ಬಾಗಿಲನ್ನು ಮುಕ್ಕಾಲು ಮುಚ್ಚಿಕೊಂಡು, ಆ ಸಂದಿಯಿಂದಲೇ ಗಾಳಿ ಎಳೆದುಕೊಳ್ಳಲು ಹೆಣಗುತ್ತದೆ. ಸ್ಟ್ರಾದ ತುದಿಯನ್ನು ಬೆರಳಲ್ಲಿ ಅರ್ಧ ಮುಚ್ಚಿ ಎಳನೀರು ಹೀರಿ ನೋಡಿ, ಗೊತ್ತಾಗುತ್ತದೆ. ಸಣ್ಣ ಎಂಜಿನ್‌ಗೆ ಈ ಹೆಣಗಾಟ ಕಡಿಮೆ. ಉಳಿತಾಯ ಬರುವುದು ಇಲ್ಲಿಂದಲೇ.

ಎಷ್ಟು ಉಳಿಯುತ್ತದೆ? ಕ್ಯೂಎಕ್ಸ್80ಯ ಫೋರ್ ವೀಲ್ ಡ್ರೈವ್ ಮಾದರಿಗೆ ಅಮೆರಿಕದ ಸರಕಾರಿ ಪರೀಕ್ಷೆ ಕೊಟ್ಟ ಅಂಕಿ ಹೇಳುತ್ತೇನೆ. ಊರೊಳಗೆ ಗ್ಯಾಲನ್‌ಗೆ 13 ಮೈಲಿ ಇದ್ದದ್ದು 16 ಆಯಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 5.5 ಕಿ.ಮೀ.ಯಿಂದ 6.8ಕ್ಕೆ. ಹೆದ್ದಾರಿಯಲ್ಲಿ? ಮೊದಲೂ 19, ಈಗಲೂ 19. ವಿ8 ಹೋಗಿ ವಿ6 ಬಂತು, ಗೇರ್ ಏಳರಿಂದ ಒಂಬತ್ತಾಯಿತು, ಆದರೂ ಹೆದ್ದಾರಿಯ ಅಂಕಿ ಅಲ್ಲಾಡಲಿಲ್ಲ. ವೇಗ ಏರಿದ ಮೇಲೆ ತಿನ್ನುವುದು ಎಂಜಿನ್ನಿನ ಗಾತ್ರ ಅಲ್ಲ, ಗಾಳಿಗೆ ಎದೆಯೊಡ್ಡಿ ನಿಂತ ಗೋಡೆಯಂಥ ಮುಂಭಾಗ. ಪೆಟ್ಟಿಗೆ ಪೆಟ್ಟಿಗೆಯೇ.

ಇನ್ನೊಂದು ಮಾತನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಟರ್ಬೊ ಒತ್ತಿ ಕೆಲಸ ಮಾಡುತ್ತಿರುವಾಗ ಈ ಎಂಜಿನ್ ಸಣ್ಣದಾಗಿ ಉಳಿದಿರುವುದಿಲ್ಲ. ಏಳು ಲೀಟರಿನ ಹಾಗೆ ಉಸಿರಾಡುತ್ತದೆ ಅಂದೆನಲ್ಲ, ಏಳು ಲೀಟರಿನ ಹಾಗೆ ಕುಡಿಯುತ್ತದೆ ಕೂಡ. ಭಾರ ಜಾಸ್ತಿಯಾದಾಗ ಒಳಗಿನ ಬಿಸಿ ಇಳಿಸಲು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಚಿಮ್ಮಿಸುವುದೂ ಉಂಟು. ಟ್ರೇಲರ್ ಎಳೆಯುವವರಿಗೆ, ಕಾಲು ಭಾರ ಇರುವವರಿಗೆ ಮೈಲೇಜಿನ ಲಾಭ ಕೈಗೆ ಸಿಗುವುದು ಕಷ್ಟ.

ಗಾಡಿ ಮೊದಲಿನಷ್ಟೇ ದೊಡ್ಡದು ಅಂದಿದ್ದೀರಿ. ಅಳತೆಯಲ್ಲಿ ಹೌದು, ಚರ್ಮದ ಕೆಳಗೆ ಅಲ್ಲ. ಹಳೆಯ ಗಾಡಿಗೆ ಹೊಸ ಎಂಜಿನ್ ಹಾಕುವುದು ಬೇರೆ, ಎಂಜಿನ್ನಿನ ಸುತ್ತ ಗಾಡಿಯನ್ನು ಹೊಸದಾಗಿ ಕಟ್ಟುವುದು ಬೇರೆ. ಲಿಂಕನ್ ನ್ಯಾವಿಗೇಟರ್ ಎರಡನ್ನೂ ಮಾಡಿ ತೋರಿಸಿತು. 2015ರಲ್ಲಿ ಹಳೆಯ ಬಾಡಿಗೇ 5.4 ಲೀಟರ್ ವಿ8 ಬದಲು 3.5 ಲೀಟರ್ ವಿ6 ಹಾಕಿದರು. 310 ಎಚ್‌ಪಿ ಇದ್ದದ್ದು 380 ಆಯಿತು. 2018ರಲ್ಲಿ ಬಾಡಿಯನ್ನೇ ಅಲ್ಯೂಮಿನಿಯಂಗೆ ಬದಲಾಯಿಸಿ, ಹತ್ತು ಗೇರ್ ಕೊಟ್ಟು, ಅದೇ 3.5 ಲೀಟರಿನಿಂದ 450 ಎಚ್‌ಪಿ ತೆಗೆದರು. ಲೆಕ್ಸಸ್ ಎಲ್‌ಎಕ್ಸ್ ಹೊಸ ಚಾಸಿಯಲ್ಲಿ ಸುಮಾರು 200 ಕೆ.ಜಿ. ಇಳಿಸಿಕೊಂಡಿತು. ಎಂಜಿನ್ ಗಿಡ್ಡವಾದ್ದರಿಂದ ಅದನ್ನು 70 ಮಿ.ಮೀ. ಹಿಂದಕ್ಕೆ, 28 ಮಿ.ಮೀ. ಕೆಳಕ್ಕೆ ಕೂರಿಸಲು ಸಾಧ್ಯವಾಯಿತು. ಚಕ್ರದಿಂದ ಚಕ್ರಕ್ಕೆ ಇರುವ ದೂರ ಮಾತ್ರ ಅದೇ 2,850 ಮಿ.ಮೀ. ತಿರುವಿನಲ್ಲಿ ಮೂತಿ ಹಗುರವಾದದ್ದು ಸ್ಟೀರಿಂಗ್ ಹಿಡಿದವರಿಗೆ ತಿಳಿಯುತ್ತದೆ. ಮೈಲೇಜಿಗಿಂತ ಇದೇ ನಿಜವಾದ ಲಾಭ ಅನ್ನುವುದು ನನ್ನ ಅಭಿಪ್ರಾಯ.

ಮುಂದಿನ ಜಾಲರಿ ದಿನದಿನಕ್ಕೆ ಯಾಕೆ ಇಷ್ಟು ದೊಡ್ಡದಾಗುತ್ತಿದೆ ಅಂತ ಕೇಳುವವರಿದ್ದಾರೆ. ಶೋಕಿ ಅರ್ಧ, ಬಿಸಿ ಅರ್ಧ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿ ನೋಡಿದವರಿಗೆ ಗೊತ್ತು. ಕಾದ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ತಣಿಸದೆ ಒಳಗೆ ಬಿಟ್ಟರೆ ಎಂಜಿನ್ ನಾಕ್ ಹೊಡೆಯುತ್ತದೆ, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಉರಿದು ಟಕಟಕ ಸದ್ದು ಬರುತ್ತದೆ. ರೇಡಿಯೇಟರ್ ಜೊತೆಗೆ ಇದಕ್ಕೂ ಗಾಳಿ ಬೇಕು.

ಬಾಳಿಕೆಗೆ ಬರೋಣ. ನಿಮ್ಮ ಭಯ ನಿಜವಾಗಿ ಇರುವುದು ಇಲ್ಲೇ ಅನಿಸುತ್ತದೆ. ಸಣ್ಣ ಎಂಜಿನ್, ಮೇಲೆ ಜಾಸ್ತಿ ಹೊರೆ, ಹಾಗಾದರೆ ಬೇಗ ಸವೆಯಬೇಕಲ್ಲ? ಒಪ್ಪುವ ಮಾತೇ. ಆದರೆ ನಡೆದದ್ದನ್ನು ನೋಡಿ. 2024ರ ಮೇ ತಿಂಗಳಲ್ಲಿ ಟೊಯೋಟ ಅಮೆರಿಕದಲ್ಲಿ ಸುಮಾರು 1,02,000 ಟಂಡ್ರಾ ಪಿಕಪ್ ಟ್ರಕ್ ಮತ್ತು ಲೆಕ್ಸಸ್ ಎಲ್‌ಎಕ್ಸ್ ಗಾಡಿಗಳನ್ನು ವಾಪಸ್ ಕರೆಯಿತು. ಎಂಜಿನ್ ಕೊರೆಯುವಾಗ ಉದುರಿದ ಲೋಹದ ಚೂರು ಒಳಗೇ ಉಳಿದು ಬೇರಿಂಗ್ ಹಾಳುಮಾಡುವ ಸಾಧ್ಯತೆ ಇತ್ತು. ನೋಡಿ, ವಿ6 ಟರ್ಬೊ ಕೈಕೊಟ್ಟಿತು ಅಂತ ವಿ8 ಅಭಿಮಾನಿಗಳು ಮೀಸೆ ತಿರುವಿದರು. ಮರುವರ್ಷ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್ ಸುಮಾರು 6 ಲಕ್ಷ ಗಾಡಿಗಳನ್ನು ಕರೆಸಿಕೊಂಡಿತು. ಅದರಲ್ಲಿ ಕ್ಯಾಡಿಲಾಕ್ ಎಸ್ಕಲೇಡ್ ಕೂಡ ಇತ್ತು. ಅದು ಟರ್ಬೊ ಇಲ್ಲದ 6.2 ಲೀಟರಿನ ಅಪ್ಪಟ ವಿ8! ಕ್ರ್ಯಾಂಕ್‌ಶಾಫ್ಟ್, ಕನೆಕ್ಟಿಂಗ್ ರಾಡ್ ತಯಾರಿಕೆಯಲ್ಲೇ ದೋಷ. ತಪಾಸಣೆಯಲ್ಲಿ ಪಾಸಾದ ಎಂಜಿನ್‌ಗಳಿಗೆ ಕೊಟ್ಟ ಮದ್ದು ಏನು ಗೊತ್ತಾ? 0ಡಬ್ಲ್ಯೂ-20 ಆಯಿಲ್ ಬದಲು ಗಟ್ಟಿಯಾದ 0ಡಬ್ಲ್ಯೂ-40. ಲೋಹದ ಚೂರಿಗೆ ಸಿಲಿಂಡರ್ ಎಷ್ಟಿವೆ ಅಂತ ಎಣಿಸುವ ಅಭ್ಯಾಸ ಇಲ್ಲ.

ಆದರೂ ಒಂದು ವ್ಯತ್ಯಾಸ ಇದ್ದೇ ಇದೆ. ಹಳೆಯ ವಿ8 ಅಸಡ್ಡೆಯನ್ನು ಸಹಿಸಿಕೊಳ್ಳುತ್ತಿತ್ತು, ಟರ್ಬೊ ಎಂಜಿನ್ ಸಹಿಸುವುದಿಲ್ಲ. ಲಕ್ಷ ಸುತ್ತು ತಿರುಗುವ ಆ ಶಾಫ್ಟು ನಿಂತಿರುವುದು ಆಯಿಲಿನ ತೆಳು ಪದರದ ಮೇಲೆ. ಪಕ್ಕದಲ್ಲೇ ಕೆಂಪಗೆ ಕಾದ ಲೋಹ. ಆಯಿಲ್ ಹಳಸಿದರೆ ಮೊದಲು ಏಟು ಬೀಳುವುದು ಅಲ್ಲಿಗೆ. ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಒತ್ತಿದಾಗ ಕಿಡಿ ಬೀಳುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನನ್ನು ಒಡೆಯುವ ಕಾಯಿಲೆಯೂ ಇಂಥ ಎಂಜಿನ್‌ಗಳಿಗಿತ್ತು. ಅದಕ್ಕೆಂದೇ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್ ಅನ್ನುವ ಆಯಿಲ್ ದರ್ಜೆ ಬಂತು. ಅದಕ್ಕಿಂತ ಹಳೆಯ ದರ್ಜೆಯ ಆಯಿಲ್ ಹಾಕಬೇಡಿ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್‌ಗಳಲ್ಲಿ ವಾಲ್ವಿನ ಹಿಂದೆ ಮಸಿ ಕಟ್ಟುವುದು ಇನ್ನೊಂದು ತಲೆನೋವು. ಸಿಲಿಂಡರಿಗೂ ವಾಲ್ವಿನ ಹಿಂದೆಯೂ, ಎರಡೂ ಕಡೆ ಚಿಮ್ಮಿಸುವ ವ್ಯವಸ್ಥೆ ಇದ್ದರೆ ಈ ಕಾಟ ಕಡಿಮೆ. ಕೊಳ್ಳುವ ಮೊದಲು ಕೇಳಿ.

ಸದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಲೆಕ್ಕಕ್ಕೆ ಸಿಗುವುದಲ್ಲ. ವಿ8ರ ಆ ಗುಡುಗು ವಿ6ರಲ್ಲಿ ಇಲ್ಲ. ನಯ ಬೇಕು ಅಂದರೆ ಆರು ಸಿಲಿಂಡರ್ ಸಾಲಾಗಿ ನಿಂತ ಎಂಜಿನ್ ನೋಡಿ. ಅದರ ನಡುಕ ತನ್ನಷ್ಟಕ್ಕೆ ತಾನೇ ರದ್ದಾಗುತ್ತದೆ. ಮರ್ಸಿಡಿಸ್ ಜಿಎಲ್‌ಎಸ್, ಬಿಎಂಡಬ್ಲ್ಯೂ ಎಕ್ಸ್7, ರೇಂಜ್ ರೋವರ್‌ಗಳಲ್ಲಿ ಇಂಥ 3 ಲೀಟರ್ ಎಂಜಿನ್ ಸಿಗುತ್ತದೆ. ಗುಡುಗೇ ಬೇಕು ಅನ್ನುವವರೂ ಇದ್ದಾರೆ. ರಾಮ್ 1500 ಪಿಕಪ್‌ನಿಂದ ತೆಗೆದಿದ್ದ 5.7 ಲೀಟರ್ ವಿ8 ಅನ್ನು 2026ರ ಮಾದರಿಗೆ ಮತ್ತೆ ತಂದರು. ಅದರಲ್ಲಿ 395 ಎಚ್‌ಪಿ. ಅದೇ ಗಾಡಿಯ ಆರು ಸಿಲಿಂಡರ್ ಟರ್ಬೊದಲ್ಲಿ 420. ಕಡಿಮೆ ಶಕ್ತಿಯ ಎಂಜಿನ್ನನ್ನು ಜನ ಕೇಳಿ ಪಡೆಯುತ್ತಾರೆ ಅಂದರೆ ನಾನೇನು ಹೇಳಲಿ!

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿಕೊಳ್ಳಿ. ಸ್ಪೀಕರಿನಿಂದ ಎಂಜಿನ್ ಸದ್ದು ಬರುವ ವ್ಯವಸ್ಥೆ ಇದ್ದರೆ ಆಫ್ ಮಾಡಿಸಿ. ಏರಿನ ಮಧ್ಯೆ ಗಾಡಿ ನಿಲ್ಲಿಸಿ, ಅಲ್ಲಿಂದ ಹೊರಡಿ. ನಾನು ಹೇಳಿದ ಆ ಅರ್ಧ ಉಸಿರು ನಿಮಗೆ ಕಿರಿಕಿರಿ ಮಾಡಿದರೆ ಹೈಬ್ರಿಡ್ ಕೇಳಿ. ಮಾಡದಿದ್ದರೆ ಹಳೆಯ ವಿ8ರ ಕೀಲಿ ಕೊಟ್ಟುಬಿಡಿ.